ಚುಕ್ತಾ ಆಗದ ಲೆಕ್ಕ: ಮೂರ್–ಬರ್ಟುಝಿ ಪ್ರಕರಣ ಮತ್ತು ಐಸ್ ಹಾಕಿಯ ಹೊಡೆದಾಟ

2004ರ ಮಾರ್ಚ್ 8ರಂದು ಕೆನಡಾದ ವ್ಯಾಂಕೂವರ್ ನಗರದಲ್ಲಿ ನಡೆದ ನ್ಯಾಷನಲ್ ಹಾಕಿ ಲೀಗ್ (ಅಮೆರಿಕ–ಕೆನಡಾಗಳ ವೃತ್ತಿಪರ ಐಸ್ ಹಾಕಿ ಲೀಗ್) ಪಂದ್ಯವೊಂದರಲ್ಲಿ ಕೊಲೊರಾಡೊ ಅವಲಾಂಚ್ ತಂಡವು ಆತಿಥೇಯ ವ್ಯಾಂಕೂವರ್ ಕನಕ್ಸ್ ತಂಡವನ್ನು 9–2ರಿಂದ ಸೋಲಿಸಿತು. ಆ ಪಂದ್ಯವನ್ನು ಜನ ನೆನಪಿಟ್ಟುಕೊಂಡಿರುವುದು ಈ ಅಂತರಕ್ಕಾಗಿ ಅಲ್ಲ. ಕೊನೆಯ ಅವಧಿಯ ಒಂಬತ್ತನೆಯ ನಿಮಿಷದಲ್ಲಿ, ಫಲಿತಾಂಶ ಹೆಚ್ಚುಕಡಿಮೆ ತೀರ್ಮಾನವಾಗಿದ್ದ ಹೊತ್ತಿನಲ್ಲಿ, ಕನಕ್ಸ್ ತಂಡದ ಟಾಡ್ ಬರ್ಟುಝಿ ಎದುರಾಳಿ ಸ್ಟೀವ್ ಮೂರ್ ಅವರನ್ನು ಹಿಂದಿನಿಂದ ಹೊಡೆದು ಮಂಜಿನ ನೆಲಕ್ಕೆ ಕೆಡವಿದರು. ಮೂರ್ ಅವರ ಕುತ್ತಿಗೆಯ ಮೂರು ಮೂಳೆಗಳು ಮುರಿದವು. ಆಗ ಅವರಿಗೆ 25 ವರ್ಷ. ಮತ್ತೆಂದೂ ಅವರು ವೃತ್ತಿಪರ ಹಾಕಿ ಆಡಲಿಲ್ಲ.

ವೃತ್ತಿಪರ ಐಸ್ ಹಾಕಿಯಲ್ಲಿ ಹೊಡೆದಾಟವನ್ನು ಸಹಿಸಬೇಕೇ ಎಂಬ ಪ್ರಶ್ನೆ ಬಂದಾಗಲೆಲ್ಲ ಈ ಪ್ರಕರಣದ ಹೆಸರು ಬರುತ್ತದೆ, ಆದರೆ ಬಹುಮಟ್ಟಿಗೆ ತಪ್ಪಾದ ಕಾರಣಕ್ಕೆ. ವಿರೋಧಿಗಳು ಇದನ್ನು ಹೊಡೆದಾಟದ ಘೋರ ಫಲವೆಂದು ತೋರಿಸುತ್ತಾರೆ. ಸಮರ್ಥಕರು ಇದು ಹೊಡೆದಾಟವೇ ಅಲ್ಲ, ಬೆನ್ನ ಹಿಂದಿನ ದಾಳಿ, ಆದ್ದರಿಂದ ಇದಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ತಳ್ಳಿಹಾಕುತ್ತಾರೆ. ಅದೇ ಪಂದ್ಯದ ಮೊದಲ ಅವಧಿಯಲ್ಲಿ ನಿಯಮಬದ್ಧವಾದ ಒಂದು ಹೊಡೆದಾಟವೂ ನಡೆದಿತ್ತು ಎಂಬುದನ್ನು ಎರಡೂ ಕಡೆಯವರು ಲಘುವಾಗಿ ದಾಟಿಹೋಗುತ್ತಾರೆ. ಈ ಪ್ರಕರಣದ ತಿರುಳು ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಐದು ನಿಮಿಷದ ಬೆಲೆ

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಕೊಡಗಿನ ಮೈದಾನಗಳು ಮತ್ತು 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬ. ಆ ಆಟದಲ್ಲಿ ಎದುರಾಳಿಗೆ ಗುದ್ದಿ ಕೆಂಪು ಕಾರ್ಡ್ ಕಂಡವನು ಹೊರಗೆ ಹೋಗುತ್ತಾನೆ ಮಾತ್ರವಲ್ಲ, ಅವನ ತಂಡ ಉಳಿದ ಹೊತ್ತೆಲ್ಲ ಒಬ್ಬ ಕಡಿಮೆಯಾಗಿಯೇ ಆಡಬೇಕಾಗುತ್ತದೆ. ಐಸ್ ಹಾಕಿ ಬೇರೆಯೇ ಆಟ. ಒಂದೊಂದು ಕಡೆ ಗೋಲಿಯೂ ಸೇರಿ ಆರು ಜನ, ಇಪ್ಪತ್ತು ನಿಮಿಷಗಳ ಮೂರು ಅವಧಿ, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಪಕ್ ಹಿಡಿದವನನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದಿ ಕೆಡಹುವುದು ಇಲ್ಲಿ ತಪ್ಪಲ್ಲ, ಆಟದ ಭಾಗವೇ. ಆಟಗಾರರು ಮುಕ್ಕಾಲು ನಿಮಿಷದ ಆಸುಪಾಸು ಆಡಿ ಬೆಂಚಿಗೆ ಮರಳುತ್ತಾರೆ, ಅವರ ಜಾಗಕ್ಕೆ ಬೇರೆಯವರು ಇಳಿಯುತ್ತಾರೆ. ಆದ್ದರಿಂದ ಯಾವ ಹೊತ್ತಿನಲ್ಲಿ ಯಾರನ್ನು ಇಳಿಸಬೇಕೆಂಬುದು ಕೋಚ್‌ನ ಕೈಯಲ್ಲಿರುತ್ತದೆ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಹೊಡೆದಾಟವನ್ನು ಲೀಗ್ 1922ರಲ್ಲೇ ನಿಯಮದ ಪುಸ್ತಕಕ್ಕೆ ತಂದಿತು: ಹೊರಗಟ್ಟುವ ಬದಲು ಐದು ನಿಮಿಷದ ಶಿಕ್ಷೆ. ಇಂದಿಗೂ ಮೂಲ ಶಿಕ್ಷೆ ಅದೇ. ಇಬ್ಬರು ಕೈಗವಸು ಕಳಚಿ ಬಿಸಾಕಿ, ಒಬ್ಬರ ಜೆರ್ಸಿಯನ್ನು ಇನ್ನೊಬ್ಬರು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಮುಖಕ್ಕೆ ಗುದ್ದಿಕೊಳ್ಳುತ್ತಾರೆ. ರೆಫರಿಗೆ ನೆರವಾಗುವ ಲೈನ್ಸ್‌ಮನ್‌ಗಳು ಪಕ್ಕದಲ್ಲೇ ನಿಂತು, ಸಾಮಾನ್ಯವಾಗಿ ಇಬ್ಬರಲ್ಲೊಬ್ಬ ಬೀಳುವವರೆಗೆ ಅಥವಾ ಇಬ್ಬರೂ ಸುಸ್ತಾಗುವವರೆಗೆ ಕಾದು, ಆಮೇಲೆ ನಡುವೆ ಹೋಗಿ ಬಿಡಿಸುತ್ತಾರೆ. ಇಬ್ಬರಿಗೂ ಐದೈದು ನಿಮಿಷ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂರುವ ದಂಡ. ಇಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ತಪ್ಪಿಗೆ ಒಬ್ಬ ಹೊರಗೆ ಕುಳಿತರೆ ತಂಡ ಅಷ್ಟು ಹೊತ್ತು ಒಬ್ಬ ಕಡಿಮೆಯಾಗಿ ಆಡಬೇಕು, ಗೋಲು ಬೀಳುವ ಭಯವಿರುತ್ತದೆ. ಹೊಡೆದಾಟದಲ್ಲಿ ಇಬ್ಬರಿಗೂ ಸಮನಾದ ಶಿಕ್ಷೆ ಬೀಳುವುದರಿಂದ ಎರಡು ತಂಡಗಳೂ ಬದಲಿ ಆಟಗಾರರನ್ನು ಇಳಿಸಿ ಪೂರ್ತಿ ಸಂಖ್ಯೆಯಲ್ಲೇ ಆಡುತ್ತವೆ. ತಂಡದ ಗಂಟೇನೂ ಹೋಗುವುದಿಲ್ಲ. ಹೆಸರಿಗೆ ಶಿಕ್ಷೆ, ಕೆಲಸದಲ್ಲಿ ಅದೊಂದು ಪ್ರವೇಶ ಶುಲ್ಕ.

ಹೊಡೆದಾಟಕ್ಕೆ ಮೊದಲು ಕೈಹಚ್ಚಿದವನಿಗೆ ಹೆಚ್ಚುವರಿ ದಂಡ ವಿಧಿಸುವ ನಿಯಮವೂ ಇದೆ. 1992ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಆದರೂ ಲೀಗ್ ಹೊಡೆದಾಟವನ್ನು ಎಷ್ಟರ ಮಟ್ಟಿಗೆ ಆಟದ ಅಂಗವೆಂದು ಒಪ್ಪಿಕೊಂಡಿದೆ ಎಂಬುದಕ್ಕೆ ಜೆರ್ಸಿಯನ್ನು ತಿರುವಿ ನೋಡಿದರೆ ಸಾಕು. ಅದರ ಹಿಂಭಾಗದ ಒಳಗಡೆ ಒಂದು ಗಟ್ಟಿ ಪಟ್ಟಿ ಹೊಲಿದಿರುತ್ತದೆ; ಆಟಗಾರ ಅದನ್ನು ತನ್ನ ಚಡ್ಡಿಗೆ ಬಿಗಿಯಬೇಕು. ಎದುರಾಳಿ ಜೆರ್ಸಿಯನ್ನು ತಲೆಯ ಮೇಲಕ್ಕೆ ಎಳೆದು ಕಣ್ಣು ಮುಚ್ಚಿ ಹೊಡೆಯದಿರಲೆಂದು ಈ ಏರ್ಪಾಟು. ಪಟ್ಟಿ ಬಿಗಿಯದೆ ಹೊಡೆದಾಡುವಾಗ ಜೆರ್ಸಿ ಕಳಚಿಹೋದರೆ ಆ ಆಟಗಾರ ಪಂದ್ಯದಿಂದಲೇ ಹೊರಗೆ. ಗುದ್ದಿದ್ದಕ್ಕೆ ಐದು ನಿಮಿಷ, ಗುದ್ದಾಟಕ್ಕೆ ಸರಿಯಾಗಿ ಬಟ್ಟೆ ತೊಡದಿದ್ದಕ್ಕೆ ಉಚ್ಚಾಟನೆ.

ಮೂರು ವಾರ

ಪ್ರಕರಣದ ಬೀಜ ಬಿದ್ದದ್ದು ಫೆಬ್ರವರಿ 16ರಂದು, ಅವಲಾಂಚ್ ತಂಡದ ಊರಾದ ಡೆನ್ವರ್‌ನಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದ, ಇನ್ನೂ ಲೀಗ್‌ನಲ್ಲಿ ನೆಲೆಯೂರುತ್ತಿದ್ದ ಮೂರ್, ಅಂದು ಕನಕ್ಸ್ ನಾಯಕ ಮಾರ್ಕಸ್ ನ್ಯಾಸ್ಲಂಡ್ ಪಕ್‌ಗಾಗಿ ಮುಂದಕ್ಕೆ ಬಾಗಿದ್ದ ಹೊತ್ತಿನಲ್ಲಿ ಅವರಿಗೆ ಭುಜ ಕೊಟ್ಟು ಗುದ್ದಿದರು. ನ್ಯಾಸ್ಲಂಡ್ ಆ ಋತುವಿನಲ್ಲಿ ಲೀಗ್‌ನ ಅಗ್ರಮಾನ್ಯ ಆಟಗಾರರಲ್ಲೊಬ್ಬರು. ತಲೆಗೆ ಪೆಟ್ಟಾಯಿತು, ಮೊಣಕೈ ಮೂಳೆಯ ಚೂರು ಕಿತ್ತುಬಂತು, ಮೂರು ಪಂದ್ಯ ತಪ್ಪಿತು. ರೆಫರಿ ದಂಡ ವಿಧಿಸಲಿಲ್ಲ. ಲೀಗ್ ಪರಿಶೀಲಿಸಿ, ಗುದ್ದು ನಿಯಮಕ್ಕೆ ಒಳಪಟ್ಟದ್ದೇ ಎಂದು ಕೈತೊಳೆದುಕೊಂಡಿತು.

ಕನಕ್ಸ್ ಪಾಳಯ ಸುಮ್ಮನಾಗಲಿಲ್ಲ. ಕೋಚ್ ಮಾರ್ಕ್ ಕ್ರಾಫರ್ಡ್ ಬಹಿರಂಗವಾಗಿ ಅಸಮಾಧಾನ ತೋಡಿಕೊಂಡರು. ಬ್ರಾಡ್ ಮೇ ಎಂಬ ಆಟಗಾರ ಮೂರ್ ತಲೆಗೆ ಬಹುಮಾನ ಕಟ್ಟಿದೆ ಎಂಬರ್ಥದ ಮಾತನ್ನು ಪತ್ರಕರ್ತರ ಎದುರೇ ಆಡಿದರು. ತಮಾಷೆಗೆ ಆಡಿದರೋ ನಿಜಕ್ಕೂ ಆಡಿದರೋ, ಮಾತು ಪತ್ರಿಕೆಗಳಲ್ಲಿ ಅಚ್ಚಾಯಿತು. ಮಾರ್ಚ್ 3ರಂದು ಎರಡು ತಂಡಗಳು ಡೆನ್ವರ್‌ನಲ್ಲಿ ಮತ್ತೆ ಎದುರಾದಾಗ ಲೀಗ್‌ನ ಕಮಿಷನರ್ ಗ್ಯಾರಿ ಬೆಟ್ಮನ್ ಅವರೂ, ಶಿಸ್ತಿನ ಹೊಣೆ ಹೊತ್ತಿದ್ದ ಕಾಲಿನ್ ಕ್ಯಾಂಪ್‌ಬೆಲ್ ಅವರೂ ಖುದ್ದಾಗಿ ಬಂದು ಕುಳಿತರು. ಅಂದು ಏನೂ ನಡೆಯಲಿಲ್ಲ. ಐದು ದಿನಗಳ ನಂತರ ವ್ಯಾಂಕೂವರ್‌ನಲ್ಲಿ ಮೂರನೆಯ ಭೇಟಿ.

ಮೊದಲ ಅವಧಿಯಲ್ಲಿ ಕನಕ್ಸ್‌ನ ಮ್ಯಾಟ್ ಕುಕ್ ಮೂರ್‌ರನ್ನು ಹೊಡೆದಾಟಕ್ಕೆ ಕರೆದರು. ಮೂರ್ ಹಿಂಜರಿಯದೆ ಒಪ್ಪಿ ಹೊಡೆದಾಡಿದರು. ಇಬ್ಬರೂ ಐದೈದು ನಿಮಿಷ ಕುಳಿತು ಬಂದರು. ಆಟಗಾರರು ತಮ್ಮೊಳಗೆ 'ಕೋಡ್' ಎಂದು ಕರೆಯುವ ಅಲಿಖಿತ ಕಟ್ಟಳೆಯ ಪ್ರಕಾರ, ನಾಯಕನಿಗೆ ಪೆಟ್ಟು ಕೊಟ್ಟವನು ಮುಖಾಮುಖಿ ನಿಂತು ಮುಷ್ಟಿಗೆ ಉತ್ತರ ಕೊಟ್ಟರೆ ಅಲ್ಲಿಗೆ ಲೆಕ್ಕ ಚುಕ್ತಾ. ಕಟ್ಟಳೆ ಕೇಳಿದ್ದನ್ನು ಮೂರ್ ಕೊಟ್ಟಾಗಿತ್ತು.

ಕೊನೆಯ ಅವಧಿಯಲ್ಲಿ ಸ್ಕೋರು 8–2 ಆಗಿದ್ದಾಗ ಬರ್ಟುಝಿ ಮೂರ್ ಹಿಂದೆ ಬಿದ್ದರು. ಆರಡಿ ಮೂರಂಗುಲದ ಭಾರೀ ಆಳು. ಹಿಂದಿನ ಋತುವಿನಲ್ಲಿ 46 ಗೋಲು ಹೊಡೆದವರು, ಅಂದರೆ ಬರೀ ಕೈಬಲದ ಆಟಗಾರನಲ್ಲ. ಹೊಡೆದಾಟಕ್ಕೆ ಕೆಣಕಿದರು, ಮೂರ್ ಸ್ಪಂದಿಸದೆ ಸಾಗಿದರು. ಬರ್ಟುಝಿ ಹಿಂದಿನಿಂದ ಜೆರ್ಸಿ ಹಿಡಿದೆಳೆದರು, ಮೂರ್ ತಿರುಗಲಿಲ್ಲ. ಆಗ ಬಲಗೈ ಬೀಸಿ ತಲೆಯ ಪಕ್ಕಕ್ಕೆ ಒಂದು ಗುದ್ದು. ಆ ಏಟಿಗೇ ಕುಸಿದ ಮೂರ್ ಮೇಲೆ ಬರ್ಟುಝಿಯವರ ಪೂರ್ತಿ ಭಾರ ಬಿತ್ತು, ಮುಖ ಮಂಜಿಗೆ ಅಪ್ಪಳಿಸಿತು, ಅವರ ಮೇಲೆ ಎರಡೂ ತಂಡಗಳ ಇನ್ನಷ್ಟು ಜನ ಬಿದ್ದರು. ಗುಂಪು ಬಿಡಿಸಿದ ಮೇಲೆ ಬಿಳಿ ನೆಲದ ಮೇಲೆ ರಕ್ತದ ಮಡು, ನಡುವೆ ಅಲುಗಾಡದ ದೇಹ. ಸುಮಾರು ಹತ್ತು ನಿಮಿಷ ಅವರು ಹಾಗೆಯೇ ಬಿದ್ದಿದ್ದರು. ನಂತರ ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು.

ರಸೀದಿ ಬರೆಯುವವರು ಯಾರು

ಹೊಡೆದಾಟದ ಪರವಾಗಿ ಹೇಳುವ ವಾದಗಳಲ್ಲಿ ಗಂಭೀರವಾಗಿ ಪರಿಗಣಿಸಬೇಕಾದದ್ದು ಒಂದೇ. ಇಷ್ಟು ವೇಗದ, ಇಷ್ಟು ಮೈತಾಗುವ, ಕೈಯಲ್ಲಿ ಕೋಲು ಹಿಡಿದು ಆಡುವ ಆಟದಲ್ಲಿ ಸಿಟ್ಟು ಏರದೆ ಇರದು. ಅದನ್ನು ಮುಷ್ಟಿಯ ಮೂಲಕ ಹೊರಹಾಕಲು ದಾರಿ ಕೊಟ್ಟರೆ ಕೋಲಿನಿಂದ ಬಡಿಯುವ, ಬೆನ್ನ ಹಿಂದೆ ಹೊಡೆಯುವ ದೊಡ್ಡ ಅನಾಹುತ ತಪ್ಪುತ್ತದೆ ಎಂಬುದು ಆ ವಾದ. ಬೆಟ್ಮನ್ ಹೊಡೆದಾಟವನ್ನು ಥರ್ಮೋಸ್ಟಾಟ್‌ಗೆ ಹೋಲಿಸಿದ್ದುಂಟು. ನಮ್ಮ ಅಡುಗೆಮನೆಯ ಮಾತಿನಲ್ಲಿ ಕುಕ್ಕರಿನ ಸೀಟಿ ಎನ್ನಬಹುದು: ಸೀಟಿ ಕೂಗಿದರೆ ಕುಕ್ಕರು ಸಿಡಿಯುವುದಿಲ್ಲ.

ಮಾರ್ಚ್ 8ರಂದು ಸೀಟಿ ಮೊದಲ ಅವಧಿಯಲ್ಲೇ ಕೂಗಿತ್ತು. ವಾದ ನಿಜವಾಗಿದ್ದರೆ ಉಳಿದ ಪಂದ್ಯ ತಣ್ಣಗೆ ಸಾಗಬೇಕಿತ್ತು. ಸಾಗಲಿಲ್ಲ, ಏಕೆಂದರೆ ಈ ಕಟ್ಟಳೆಯಲ್ಲಿ ಸಾಲ ತೀರಿತೆಂದು ರಸೀದಿ ಬರೆದುಕೊಡುವ ಅಧಿಕಾರಿ ಯಾರೂ ಇಲ್ಲ. ಕುಕ್‌ಗೆ ತೃಪ್ತಿಯಾಗಿದ್ದಿರಬಹುದು, ಬರ್ಟುಝಿಗೆ ಆಗಿರಲಿಲ್ಲ. ಹೊಡೆದಾಟದಲ್ಲಿ ಮೂರ್ ಮಣ್ಣುಮುಕ್ಕದೆ ಸರಿಸಮವಾಗಿ ನಿಂತದ್ದೇ ಕೆಲವರಿಗೆ ಲೆಕ್ಕ ಬಾಕಿಯಿದೆ ಎನ್ನಿಸಲು ಸಾಕಾಗಿತ್ತೇನೋ. ನ್ಯಾಯಾಲಯದ ತೀರ್ಪಾದರೆ ದಂಡ ಎಷ್ಟು, ಕಟ್ಟಿದ ಮೇಲೆ ಮುಗಿಯಿತೇ ಇಲ್ಲವೇ ಎಂಬುದು ಬರವಣಿಗೆಯಲ್ಲಿರುತ್ತದೆ. ಇಲ್ಲಿ ಬಾಕಿ ಎಷ್ಟೆಂಬುದನ್ನು ಸಾಲ ಕೊಟ್ಟವನೇ, ಅದೂ ತನ್ನ ಸಿಟ್ಟಿನ ಹೊತ್ತಿನಲ್ಲಿ, ತನ್ನ ತಂಡ ಆರು ಗೋಲುಗಳಿಂದ ಸೋಲುತ್ತಿರುವಾಗ ನಿರ್ಧರಿಸುತ್ತಾನೆ.

ಇದು ಒಂದೇ ಒಂದು ಸಲದ ಅಪವಾದವೆನ್ನಲು ಬರುವುದಿಲ್ಲ. ನಾಲ್ಕು ವರ್ಷ ಹಿಂದೆ, 2000ದ ಫೆಬ್ರವರಿ 21ರಂದು, ಇದೇ ವ್ಯಾಂಕೂವರ್‌ನಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡದ ಮಾರ್ಟಿ ಮೆಕ್‌ಸಾರ್ಲಿ ಮತ್ತು ಕನಕ್ಸ್‌ನ ಡೊನಾಲ್ಡ್ ಬ್ರಷೇರ್ ಪಂದ್ಯದ ಆರಂಭದಲ್ಲೇ ಹೊಡೆದಾಡಿದ್ದರು. ಬ್ರಷೇರ್ ಮೇಲುಗೈ ಪಡೆದರು. ಮೆಕ್‌ಸಾರ್ಲಿ ಎರಡನೆಯ ಸುತ್ತಿಗೆ ಕೆಣಕಿದರೂ ಬ್ರಷೇರ್ ಒಪ್ಪಲಿಲ್ಲ. ಪಂದ್ಯ ಮುಗಿಯಲು ಮೂರು ಸೆಕೆಂಡು ಉಳಿದಿದ್ದಾಗ ಮೆಕ್‌ಸಾರ್ಲಿ ಹಿಂದಿನಿಂದ ಬಂದು ಕೋಲಿನಿಂದ ಬ್ರಷೇರ್ ತಲೆಗೆ ಬಾರಿಸಿದರು. ಒಪ್ಪಿದ ಹೊಡೆದಾಟ ಮೊದಲು, ಎರಡನೆಯದಕ್ಕೆ ನಿರಾಕರಣೆ ಆಮೇಲೆ, ಕೊನೆಗೆ ಬೆನ್ನ ಹಿಂದಿನ ಏಟು: ಎರಡು ಪ್ರಕರಣಗಳ ಅನುಕ್ರಮ ಒಂದೇ. ಹೊಡೆದಾಟ ಯಾವುದನ್ನು ತಡೆಯುತ್ತದೆಂದು ಹೇಳುತ್ತಾರೋ ಅದಕ್ಕೆ ಎರಡೂ ಸಲ ಅದೇ ಮೊದಲ ಮೆಟ್ಟಿಲಾಯಿತು.

ಸಮರ್ಥಕರ ಪ್ರತ್ಯುತ್ತರವನ್ನು ನ್ಯಾಯವಾಗಿ ಇಡಬೇಕು. ಮೊದಲು ಕೈಹಚ್ಚಿದವನಿಗೆ ಹೆಚ್ಚುವರಿ ದಂಡ ಬಂದ ಮೇಲೆ ತಂಡದ ಕಾವಲುಗಾರರಾದ 'ಎನ್‌ಫೋರ್ಸರ್'ಗಳ ಕೈ ಕಟ್ಟಿದಂತಾಯಿತು, ಇಲ್ಲದಿದ್ದರೆ ಫೆಬ್ರವರಿ 16ರ ಗುದ್ದಿಗೆ ಅಂದೇ, ಅಲ್ಲೇ ಉತ್ತರ ಸಿಗುತ್ತಿತ್ತು, ಮೂರು ವಾರ ಹೊಗೆಯಾಡುತ್ತಿರಲಿಲ್ಲ ಎನ್ನುತ್ತಾರೆ ಅವರು. ಇದರಲ್ಲಿ ಸ್ವಲ್ಪ ಹುರುಳಿದೆ. ಹಳಸಿದ ಸಿಟ್ಟು ಬಿಸಿ ಸಿಟ್ಟಿಗಿಂತ ಕೆಟ್ಟದ್ದು. ಆದರೆ ಅಂದೇ ಸಿಗಬೇಕಿದ್ದ ಉತ್ತರ ಯಾರಿಂದ ಎಂಬುದನ್ನು ಅವರು ಕೇಳಿಕೊಳ್ಳುವುದಿಲ್ಲ. ಬಾಗಿದ ಆಟಗಾರನ ತಲೆಗೆ ತಾಗುವಂತೆ ಗುದ್ದುವುದನ್ನು ತಪ್ಪೆಂದು ಹೇಳುವ ಸ್ಪಷ್ಟ ನಿಯಮ ಆಗ ಲೀಗ್ ಬಳಿ ಇರಲಿಲ್ಲ. ಅಂಥ ನಿಯಮ ಬಂದದ್ದು 2010ರಲ್ಲಿ, ಪಿಟ್ಸ್‌ಬರ್ಗ್ ತಂಡದ ಆಟಗಾರನೊಬ್ಬ ಬಾಸ್ಟನ್‌ನ ಮಾರ್ಕ್ ಸವಾರ್ಡ್ ತಲೆಗೆ ಬದಿಯಿಂದ ಗುದ್ದಿ, ನಿಯಮವಿಲ್ಲದ ಕಾರಣ ಶಿಕ್ಷೆಯಿಲ್ಲದೆ ಪಾರಾದ ಮೇಲೆ. ಆ ಆಟಗಾರ ಬೇರಾರೂ ಅಲ್ಲ, 2004ರಲ್ಲಿ ನ್ಯಾಸ್ಲಂಡ್ ಪರವಾಗಿ ಮೂರ್ ಜತೆ ಹೊಡೆದಾಡಿದ ಅದೇ ಮ್ಯಾಟ್ ಕುಕ್. ಮುಷ್ಟಿಯಿಂದ ಪಾಠ ಕಲಿಸುವವನೇ ಪಾಠ ಕಲಿತಿರಲಿಲ್ಲ ಎಂದರೆ ಕುಹಕವಾದೀತು, ಆದರೂ ಹೇಳದೆ ಇರಲಾರೆ.

ಒಪ್ಪಿಗೆ ಎಂಬ ಮಾತು

ಇಬ್ಬರು ವಯಸ್ಕರು ಪರಸ್ಪರ ಒಪ್ಪಿ ಗುದ್ದಾಡಿದರೆ ಮೂರನೆಯವರಿಗೇನು ಎಂಬ ಇನ್ನೊಂದು ವಾದವಿದೆ. ಕೆನಡಾದ ಸುಪ್ರೀಂ ಕೋರ್ಟ್ 1991ರ ಜಾಬಿಡನ್ ಪ್ರಕರಣದಲ್ಲಿ, ಗಂಭೀರ ಗಾಯ ಮಾಡುವ ಉದ್ದೇಶದಿಂದ ನಡೆಯುವ ಮುಷ್ಟಿಕಾಳಗಕ್ಕೆ ಕೊಟ್ಟ ಒಪ್ಪಿಗೆ ಕಾನೂನಿನ ಕಣ್ಣಿನಲ್ಲಿ ಒಪ್ಪಿಗೆಯಲ್ಲ ಎಂದಿತು. ಆದರೆ ನಿಯಮಗಳಿಗೆ ಒಳಪಟ್ಟ ಕ್ರೀಡೆಯನ್ನು ಆ ಮಾತಿನಿಂದ ಹೊರಗಿಟ್ಟಿತು. ಹೊಡೆದಾಟ ಆ ಎರಡರ ನಡುವಿನ ಹೊಸ್ತಿಲ ಮೇಲೆ ನಿಂತಿದೆ: ನಿಯಮದ ಪುಸ್ತಕದಲ್ಲಿದೆ, ಆದರೆ ತಪ್ಪಿನ ಪಟ್ಟಿಯಲ್ಲಿ.

ಮೂರ್ ಪ್ರಕರಣದಲ್ಲಿ ಒಪ್ಪಿಗೆಯ ಪ್ರಶ್ನೆ ಇನ್ನೂ ಮುಳ್ಳಾಗಿ ಚುಚ್ಚುತ್ತದೆ. ಅವರು ಕುಕ್‌ಗೆ ಒಪ್ಪಿದರು. ಒಪ್ಪದಿದ್ದರೆ ಏನಾಗುತ್ತದೆ ಎಂಬುದನ್ನು ಬರ್ಟುಝಿ ಅದೇ ರಾತ್ರಿ ತೋರಿಸಿದರು. ಇಲ್ಲ ಎನ್ನಲು ಸಾಧ್ಯವೇ ಇಲ್ಲದಲ್ಲಿ ಹೂಂ ಎಂದದ್ದಕ್ಕೆ ಎಷ್ಟು ಬೆಲೆ? ತಂಡದಲ್ಲಿ ಜಾಗ ಉಳಿಸಿಕೊಳ್ಳಲು ಮುಷ್ಟಿಯೊಂದೇ ಬಂಡವಾಳವಾಗಿದ್ದ ಆಟಗಾರರ ವಿಷಯದಲ್ಲಂತೂ ಈ ಪ್ರಶ್ನೆ ಇನ್ನೂ ಕಠಿಣ. ಅಂಥ ಕೆಲಸ ಮಾಡುತ್ತಿದ್ದ ಡೆರೆಕ್ ಬೂಗಾರ್ಡ್ 2011ರ ಮೇ ತಿಂಗಳಲ್ಲಿ ಮದ್ಯ ಮತ್ತು ನೋವುನಿವಾರಕ ಮಾತ್ರೆಗಳ ಮಿಶ್ರಣದಿಂದ 28ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅವರ ಮಿದುಳನ್ನು ಪರೀಕ್ಷಿಸಿದಾಗ, ತಲೆಗೆ ಮೇಲಿಂದ ಮೇಲೆ ಬಿದ್ದ ಪೆಟ್ಟುಗಳೊಂದಿಗೆ ತಳುಕು ಹಾಕಿಕೊಂಡಿರುವ ಸಿಟಿಇ ಎಂಬ ಕಾಯಿಲೆ ಕಂಡುಬಂತು. ಅದಕ್ಕೂ ಮೊದಲು, 2009ರ ಜನವರಿಯಲ್ಲಿ, ಒಂಟಾರಿಯೊದ ಸೀನಿಯರ್ ಲೀಗ್‌ನಲ್ಲಿ ಆಡುತ್ತಿದ್ದ 21 ವರ್ಷದ ಡಾನ್ ಸ್ಯಾಂಡರ್ಸನ್ ಸತ್ತಿದ್ದ. ಹೊಡೆದಾಟದಲ್ಲಿ ಹೆಲ್ಮೆಟ್ ಕಳಚಿ, ಬಿದ್ದಾಗ ತಲೆ ಮಂಜಿಗೆ ಬಡಿದು, ಮೂರು ವಾರ ಆಸ್ಪತ್ರೆಯಲ್ಲಿದ್ದು ಹೋದ ಹುಡುಗ. ಅದು ಬೆನ್ನ ಹಿಂದಿನ ದಾಳಿಯಲ್ಲ. ಕಟ್ಟಳೆಯಂತೆ ನಡೆದ, ಎದುರುಬದುರಿನ ಹೊಡೆದಾಟ.

ಶಿಕ್ಷೆ, ಮತ್ತು ಆ ಮೇಲಿನದು

ಲೀಗ್ ಮೂರೇ ದಿನಗಳಲ್ಲಿ ಬರ್ಟುಝಿಯವರನ್ನು ಋತುವಿನ ಉಳಿದ 13 ಪಂದ್ಯಗಳಿಗೂ ಅದರ ನಂತರದ ಪ್ಲೇಆಫ್ ಎಂಬ ನಾಕೌಟ್ ಹಂತಕ್ಕೂ ಅಮಾನತು ಮಾಡಿತು; ಅವರಿಗೆ ಸುಮಾರು 5 ಲಕ್ಷ ಡಾಲರ್ ಸಂಬಳ ಖೋತಾ ಆಯಿತು, ಕನಕ್ಸ್ ಸಂಸ್ಥೆಗೆ 2.5 ಲಕ್ಷ ಡಾಲರ್ ದಂಡ ಬಿತ್ತು. ಮರುವರ್ಷದ ಋತು ಲೀಗ್ ಮತ್ತು ಆಟಗಾರರ ಸಂಬಳದ ಜಗಳದಲ್ಲಿ ಪೂರ್ತಿ ರದ್ದಾಯಿತು; 2005ರ ಆಗಸ್ಟ್‌ನಲ್ಲಿ ಅಮಾನತು ತೆರವಾಯಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಬರ್ಟುಝಿ 2004ರ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡು, ಷರತ್ತಿನ ಬಿಡುಗಡೆ, ಒಂದು ವರ್ಷದ ಪ್ರೊಬೇಷನ್ ಹಾಗೂ 80 ಗಂಟೆಗಳ ಸಮುದಾಯ ಸೇವೆಯ ಆದೇಶ ಪಡೆದರು. ಷರತ್ತುಗಳಲ್ಲಿ ಒಂದು, ಮೂರ್ ಆಡುವ ಪಂದ್ಯದಲ್ಲಿ ಆಡಬಾರದು ಎಂಬುದು. ಮೂರ್ ಆಡುವ ಪಂದ್ಯ ಬರಲೇ ಇಲ್ಲ.

ಈ ನಡುವೆ ಹೊಡೆದಾಟ ತಾನಾಗಿ ಕಡಿಮೆಯಾಗಿದೆ. 2008–09ರ ಋತುವಿನಲ್ಲಿ 700ಕ್ಕೂ ಹೆಚ್ಚು ಹೊಡೆದಾಟಗಳು ನಡೆದಿದ್ದರೆ, ಹತ್ತು ವರ್ಷಗಳ ನಂತರ ಅವು 250ಕ್ಕಿಂತ ಕೆಳಗಿಳಿದವು. ಇದಕ್ಕೆ ಮುಖ್ಯ ಕಾರಣ ನೈತಿಕ ಜಾಗೃತಿ ಅಲ್ಲ, ಲೆಕ್ಕಾಚಾರ: ಆಟದ ವೇಗ ಹೆಚ್ಚಿತು, ತಂಡಗಳ ಸಂಬಳಕ್ಕೆ ಮಿತಿ ಬಂತು, ಸ್ಕೇಟಿಂಗ್ ಬಾರದ ಮುಷ್ಟಿಗಾರನನ್ನು ಬೆಂಚಿನಲ್ಲಿ ಕೂರಿಸಿಕೊಳ್ಳುವುದು ದುಬಾರಿಯಾಯಿತು. ಹೊಡೆದಾಟ ಮೂರನೆಯ ಒಂದು ಪಾಲಿಗೆ ಇಳಿದರೂ ಕೋಲಿನ ಏಟುಗಳಿಂದ ಅಂಗಣ ರಣರಂಗವಾಗಲಿಲ್ಲ. ಥರ್ಮೋಸ್ಟಾಟ್ ವಾದಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ಯಾರೂ ಯೋಜಿಸಿ ಮಾಡಲಾರರು. ಒಲಿಂಪಿಕ್ಸ್‌ನಲ್ಲಿ ಹೊಡೆದಾಡಿದವನನ್ನು ಪಂದ್ಯದಿಂದ ಹೊರಗೆ ಕಳಿಸುತ್ತಾರೆ, ಕ್ವಿಬೆಕ್‌ನ ಜೂನಿಯರ್ ಲೀಗ್ 2023ರಿಂದ ಅದನ್ನೇ ಮಾಡುತ್ತಿದೆ. ವೃತ್ತಿಪರ ಲೀಗ್‌ಗೂ ಅಷ್ಟೇ ಸಾಕು ಎಂಬುದು ನನ್ನ ನಿಲುವು: ಜೈಲು ಬೇಡ, ಉಪದೇಶ ಬೇಡ, ಆ ರಾತ್ರಿಯ ಮಟ್ಟಿಗೆ ಆಟ ಮುಗಿಯಬೇಕು, ಜತೆಗೆ ಪದೇ ಪದೇ ಮಾಡಿದವನಿಗೆ ಮುಂದಿನ ಪಂದ್ಯಗಳೂ ತಪ್ಪಬೇಕು. ಪ್ರೇಕ್ಷಕರಿಗೆ ಇಷ್ಟವಾಗದಿರಬಹುದು. 2025ರ ಫೆಬ್ರವರಿಯಲ್ಲಿ ಮಾಂಟ್ರಿಯಲ್‌ನಲ್ಲಿ ಅಮೆರಿಕ–ಕೆನಡಾ ಪಂದ್ಯ ಆರಂಭವಾದ ಒಂಬತ್ತು ಸೆಕೆಂಡುಗಳಲ್ಲಿ ಮೂರು ಹೊಡೆದಾಟ ನಡೆದಾಗ ಕೂಗಿದ ಜನರನ್ನು ನೋಡಿದರೆ, ಈ ಬದಲಾವಣೆಗೆ ನಿಜವಾದ ಅಡ್ಡಿ ಸುರಕ್ಷತೆಯ ವಾದವಲ್ಲ, ಟಿಕೆಟ್ ಎಂಬುದು ಅರ್ಥವಾಗುತ್ತದೆ.

ಮೂರ್ ಹೂಡಿದ ಸಿವಿಲ್ ದಾವೆ ಮೊದಲು ಡೆನ್ವರ್‌ನಲ್ಲಿ ವಜಾ ಆಗಿ, 2006ರಲ್ಲಿ ಒಂಟಾರಿಯೊ ನ್ಯಾಯಾಲಯಕ್ಕೆ ಬಂದು, ಎಂಟು ವರ್ಷ ಎಳೆಯಿತು. ಪರಿಹಾರದ ಬೇಡಿಕೆ 2014ರ ಹೊತ್ತಿಗೆ 6.8 ಕೋಟಿ ಡಾಲರ್‌ಗೆ ಏರಿತ್ತು. ಈ ದಾವೆಯಲ್ಲೇ ಬರ್ಟುಝಿ ತಮ್ಮ ಕೋಚ್ ಮೇಲೆ ಬೊಟ್ಟು ಮಾಡಿದರು: ವಿರಾಮದ ಹೊತ್ತಿನಲ್ಲಿ ಕ್ರಾಫರ್ಡ್, ಮೂರ್ ಬೆಲೆ ತೆರಬೇಕು ಎಂಬರ್ಥದ ಮಾತು ಆಡಿದ್ದರೆಂಬುದು ಅವರ ಆರೋಪ. ಬೆಂಚಿಗೆ ಮರಳೆಂದು ತಾವು ಹೇಳಿದ್ದನ್ನು ಬರ್ಟುಝಿ ಧಿಕ್ಕರಿಸಿದರೆಂಬುದು ಕ್ರಾಫರ್ಡ್ ಕಡೆಯ ಉತ್ತರ. ಬರ್ಟುಝಿ ಮುಂದೆ ತಮ್ಮ ದೂರನ್ನು ಹಿಂತೆಗೆದುಕೊಂಡರು. ಆರು ಗೋಲುಗಳಿಂದ ಸೋಲುತ್ತಿದ್ದ ಪಂದ್ಯದಲ್ಲಿ ಆ ಹೊತ್ತಿನಲ್ಲಿ ಆ ಆಟಗಾರ ಏಕೆ ಅಂಗಣದಲ್ಲಿದ್ದ ಎಂಬ ಪ್ರಶ್ನೆಯನ್ನು ವಿಚಾರಣೆಯಲ್ಲಿ, ಪ್ರಮಾಣ ಮಾಡಿಸಿ, ಎಲ್ಲರೆದುರು ಕೇಳಬಹುದಿತ್ತು. ವಿಚಾರಣೆ 2014ರ ಸೆಪ್ಟೆಂಬರ್ 8ಕ್ಕೆ ನಿಗದಿಯಾಗಿತ್ತು. ಆಗಸ್ಟ್‌ನಲ್ಲಿ ಎರಡೂ ಕಡೆಯವರು ರಾಜಿಯಾದರು, ಷರತ್ತುಗಳು ಗೋಪ್ಯ. ಬರ್ಟುಝಿ ಅಷ್ಟು ಹೊತ್ತಿಗೆ ಲೀಗ್‌ನಲ್ಲಿ ಒಟ್ಟು 1,159 ಪಂದ್ಯಗಳನ್ನು ಆಡಿ ಮುಗಿಸಿದ್ದರು. ಮೂರ್ ಆಡಿದ್ದು 69.